ಗುಡ್ಡ ಕಂಪನಿಗೆ, ಹಳ್ಳದ ದಂಡೆ ಜನರಿಗೆ

2022ರ ಜುಲೈ ಕೊನೆಯ ವಾರ ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ ನೆರೆ ಬಂದು 45 ಜನ ಸತ್ತರು. ಸೂರಿನವರೆಗೆ ಮುಳುಗಿದ ಮನೆಗಳ ಚಿತ್ರ ಟಿ.ವಿ.ಯಲ್ಲಿ ಬಂದಾಗ ದೂರದ ಪೇಟೆಗಳ ಜನ ಕೇಳಿದ್ದು ಒಂದೇ ಪ್ರಶ್ನೆ: ಇವರು ಹಳ್ಳದ ದಂಡೆಯ ಮೇಲೇ ಯಾಕೆ ಮನೆ ಕಟ್ಟಿಕೊಳ್ಳುತ್ತಾರೆ? ಸುತ್ತ ಅಷ್ಟೊಂದು ಗುಡ್ಡಗಳಿವೆ, ಸ್ವಲ್ಪ ಮೇಲಕ್ಕೆ ಹೋಗಬಾರದೇ?

ನ್ಯಾಯವಾಗಿಯೇ ಕಾಣುವ ಪ್ರಶ್ನೆ. ಆದರೆ ಇದಕ್ಕೆ ಹವಾಮಾನ ಇಲಾಖೆಯಲ್ಲಿ ಉತ್ತರ ಸಿಗುವುದಿಲ್ಲ. ಉತ್ತರವಿರುವುದು ಅಲ್ಲಿನ ಕೋರ್ಟು ಕಟ್ಟಡಗಳಲ್ಲಿ ದೂಳು ಹಿಡಿದು ಕೂತಿರುವ, ನೂರು ವರ್ಷಕ್ಕೂ ಹಳೆಯದಾದ ಭೂಮಿಯ ಕ್ರಯಪತ್ರಗಳಲ್ಲಿ.

ಅಪಲಾಚಿಯನ್ ಬೆಟ್ಟಸಾಲು ಅಮೆರಿಕದ ಪೂರ್ವ ಭಾಗದಲ್ಲಿ ಈಶಾನ್ಯದಿಂದ ನೈಋತ್ಯಕ್ಕೆ ಹಬ್ಬಿದೆ. ಅದರ ನಡುಭಾಗವಾದ ಪೂರ್ವ ಕೆಂಟಕಿ, ವೆಸ್ಟ್ ವರ್ಜೀನಿಯಾ ಮತ್ತು ವರ್ಜೀನಿಯಾದ ಒಂದು ಮೂಲೆ ಕಲ್ಲಿದ್ದಲಿನ ಸೀಮೆ. ಬೆಟ್ಟಗಳು ಬಹಳ ಎತ್ತರವೇನಲ್ಲ, ಆದರೆ ಒತ್ತೊತ್ತಾಗಿ ನಿಂತಿವೆ, ಬದಿಗಳು ಕಡಿದು. ಎರಡು ಗುಡ್ಡಗಳ ನಡುವಿನ ಸೀಳಿಗೆ ಅಲ್ಲಿನವರು ‘ಹಾಲರ್’ ಅನ್ನುತ್ತಾರೆ. ಸೀಳಿನ ತಳದಲ್ಲಿ ಒಂದು ಹಳ್ಳ, ಹಳ್ಳದ ಮಗ್ಗುಲಿಗೆ ಒಂದು ರಸ್ತೆ, ಒಂದು ಕಾಲದಲ್ಲಿ ಅದರ ಜೊತೆಗೇ ಕಲ್ಲಿದ್ದಲು ಸಾಗಿಸುವ ರೈಲು ಹಳಿ. ಉಳಿದ ಕಿರುಜಾಗದಲ್ಲಿ ಮನೆಗಳ ಸಾಲು, ಚರ್ಚು, ಅಂಗಡಿ, ಶಾಲೆ. ಅಲ್ಲಿಗೆ ಸಮತಟ್ಟು ನೆಲ ಮುಗಿಯಿತು.

ಆ ವಾರ ಬಿದ್ದ ಮಳೆ ಎಷ್ಟು? ಜುಲೈ 25ರಿಂದ 30ರವರೆಗೆ ಕೆಲವು ಕಡೆ 14ರಿಂದ 16 ಇಂಚು, ಅಂದರೆ 350ರಿಂದ 400 ಮಿಲಿಮೀಟರ್. ಆಗುಂಬೆಯವರಿಗೆ ಇದು ಬಾಯಿ ಬಿಡುವ ಲೆಕ್ಕವಲ್ಲ. ಆದರೆ ಪೂರ್ವ ಕೆಂಟಕಿಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 1,200 ಮಿಲಿಮೀಟರ್. ವರ್ಷದ ಮಳೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಐದಾರು ದಿನಗಳಲ್ಲಿ ಸುರಿಯಿತು, ಅದರಲ್ಲೂ ಹೆಚ್ಚಿನದು ರಾತ್ರಿ ಹೊತ್ತು. ಜುಲೈ 28ರ ನಸುಕಿನಲ್ಲಿ ಜನ ನಿದ್ದೆಯಲ್ಲಿದ್ದಾಗಲೇ ಹಳ್ಳಗಳು ಮನೆಯೊಳಕ್ಕೆ ಬಂದವು.

ವೈಟ್ಸ್‌ಬರ್ಗ್ ಎಂಬ ಪುಟ್ಟ ಪಟ್ಟಣದಲ್ಲಿ ಕೆಂಟಕಿ ನದಿಯ ಉತ್ತರ ಕವಲು ಹರಿಯುತ್ತದೆ. ಅಲ್ಲಿ ನದಿ ಮುಟ್ಟಿದ್ದ ಗರಿಷ್ಠ ಮಟ್ಟ 14.7 ಅಡಿ, ಅದೂ 1957ರಲ್ಲಿ. ಈ ಸಲ ನೀರು 20 ಅಡಿಯನ್ನೂ ದಾಟಿತು. ಅದೇ ಊರಿನಲ್ಲಿ 1969ರಿಂದ ಬೆಟ್ಟದ ಜನರ ಹಾಡು, ಮಾತು, ಚಲನಚಿತ್ರಗಳನ್ನು ಸಂಗ್ರಹಿಸುತ್ತಾ ಬಂದಿದ್ದ ‘ಆಪಲ್‌ಶಾಪ್’ ಎಂಬ ಸಂಸ್ಥೆಯಿದೆ. ಅದರ ದಾಖಲೆಗಳ ಕೋಣೆಗೂ ನೀರು ನುಗ್ಗಿತು. ಫಿಲ್ಮ್ ಸುರುಳಿಗಳು, ಧ್ವನಿಮುದ್ರಿಕೆಗಳು, ಛಾಯಾಚಿತ್ರಗಳು ಕೆಸರಿನಲ್ಲಿ ನೆನೆದವು. ನಾಟ್ ಕೌಂಟಿಯ ಹಿಂಡ್‌ಮನ್ ಊರಿನಲ್ಲಿ 1902ರಲ್ಲಿ ಶುರುವಾದ ಒಂದು ಹಳೆಯ ಶಾಲೆಯಿದೆ. ಅಲ್ಲಿ ಆ ವಾರ ಲೇಖಕರ ಕಮ್ಮಟ ನಡೆಯುತ್ತಿತ್ತು. ಶಾಲೆಯ ಮುಂದೆ ಹರಿಯುವ ಹಳ್ಳದ ಹೆಸರು ಟ್ರಬಲ್‌ಸಮ್ ಕ್ರೀಕ್. ಅದು ಉಕ್ಕಿದಾಗ ಕಮ್ಮಟಕ್ಕೆ ಬಂದವರು ಎತ್ತರದ ಕಟ್ಟಡಗಳಿಗೆ ಓಡಿ ಜೀವ ಉಳಿಸಿಕೊಂಡರು.

ನೆರೆ ಇಳಿದ ಮೇಲೆ ಭೂಗರ್ಭ ತಜ್ಞರು ಗುಡ್ಡಗಳ ಲೆಕ್ಕ ತೆಗೆದರು. ಸಾವಿರಕ್ಕೂ ಹೆಚ್ಚು ಕಡೆ ಮಣ್ಣು ಜಾರಿತ್ತು. ಒಂದೊಂದೇ ನೋಡಿದರೆ ಹೆಚ್ಚಿನವು ಸಣ್ಣವು: ರಸ್ತೆಗೆ ಅಡ್ಡ ಬಿದ್ದ ಧರೆ, ಮನೆಯ ಹಿಂಗೋಡೆ ಒತ್ತಿದ ಮಣ್ಣು, ಹಳ್ಳಕ್ಕೆ ಕಟ್ಟೆಯ ಹಾಗೆ ಅಡ್ಡ ಮಲಗಿದ ಮರ ಮತ್ತು ಬಂಡೆ. ಆದರೆ ಒಂದೇ ರಸ್ತೆಯ ಸೀಮೆಯಲ್ಲಿ ಒಂದು ಸಣ್ಣ ಕುಸಿತ ಸಾಕು, ಒಳಗಿನ ಊರಿನವರಿಗೆ ಆಂಬುಲೆನ್ಸೂ ಇಲ್ಲ, ಕುಡಿಯುವ ನೀರೂ ಇಲ್ಲ. ಸುಮಾರು 9,000 ಮನೆಗಳು ಹಾನಿಗೊಂಡವು, ಇಲ್ಲವೇ ನೆಲಸಮವಾದವು. ಅವುಗಳಲ್ಲಿ ನೆರೆ ವಿಮೆ ಇದ್ದ ಮನೆಗಳು ತೀರ ಕಡಿಮೆ. ಆ ವಿಮೆಯ ಕಂತು ಕಟ್ಟುವ ಶಕ್ತಿ ಗಣಿ ಮುಚ್ಚಿದ ಊರುಗಳಲ್ಲಿ ಎಷ್ಟು ಜನರಿಗಿದೆ?

ಇನ್ನು ಕ್ರಯಪತ್ರದ ಕಥೆ.

19ನೇ ಶತಮಾನದ ಕೊನೆಯಲ್ಲಿ ಜಾನ್ ಸಿ. ಸಿ. ಮೇಯೊ ಎಂಬ ಶಾಲಾ ಮಾಸ್ತರ ಪೂರ್ವ ಕೆಂಟಕಿಯ ಹಾಲರ್‌ಗಳಲ್ಲಿ ಕುದುರೆ ಏರಿ ತಿರುಗಿದ. ಅವನ ಹೆಂಡತಿ ಲಂಗದಲ್ಲಿ ಚಿನ್ನದ ನಾಣ್ಯ ಹೊಲಿಸಿಕೊಂಡು ಜೊತೆಗೆ ಬರುತ್ತಿದ್ದಳೆಂಬ ಕಥೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮೇಯೊ ಮತ್ತು ಅವನಂಥ ದಲ್ಲಾಳಿಗಳು ರೈತರಿಂದ ಜಮೀನು ಕೊಳ್ಳಲಿಲ್ಲ. ಜಮೀನಿನ ಅಡಿಯಲ್ಲಿರುವ ಖನಿಜದ ಹಕ್ಕನ್ನು ಮಾತ್ರ ಕೊಂಡರು. ಎಕರೆಗೆ ಅರ್ಧ ಡಾಲರ್, ಒಂದು ಡಾಲರ್, ಹೆಚ್ಚೆಂದರೆ ಕೆಲವು ಡಾಲರ್. ಕಾಡು, ಹೊಲ, ಮನೆ ಎಲ್ಲ ನಿಮ್ಮದೇ, ನೆಲದಡಿಯ ಕಲ್ಲು ಮಾತ್ರ ನಮಗೆ ಎಂದರು. ಓದು ಬಾರದ ಎಷ್ಟೋ ರೈತರು ಗುರುತು ಹಾಕಿ ಪತ್ರ ಕೊಟ್ಟರು. ಬಿಟ್ಟಿ ಹಣ ಬಂತು ಎಂದುಕೊಂಡವರೂ ಇದ್ದರು.

ಪತ್ರದ ಒಳಗಿದ್ದ ಷರತ್ತು ಬೇರೆಯೇ ಇತ್ತು. ಖನಿಜ ತೆಗೆಯಲು ಅನುಕೂಲವೆಂದು ಕಂಪನಿಗೆ ಕಂಡ ಯಾವ ಕೆಲಸವನ್ನಾದರೂ ಮೇಲಿನ ನೆಲದಲ್ಲಿ ಮಾಡಬಹುದು. ಮರ ಕಡಿಯಬಹುದು, ರಸ್ತೆ ಹಾಕಬಹುದು, ತ್ಯಾಜ್ಯ ಸುರಿಯಬಹುದು, ಹಳ್ಳದ ನೀರು ತಿರುಗಿಸಬಹುದು. ಇದರಿಂದಾದ ನಷ್ಟಕ್ಕೆ ಕಂಪನಿ ಹೊಣೆಯಲ್ಲ. ಪತ್ರಕ್ಕೆ ಸಹಿ ಹಾಕಿದವರ ಕಣ್ಣ ಮುಂದೆ ಇದ್ದದ್ದು ಸುರಂಗ ತೋಡುವ ಗುದ್ದಲಿ. ಅರ್ಧ ಶತಮಾನದ ಮೇಲೆ ಬುಲ್ಡೋಜರ್ ಬಂತು, ಸ್ಫೋಟಕ ಬಂತು. 1956ರಲ್ಲಿ ಕೆಂಟಕಿಯ ಕೋರ್ಟು ಹಳೆಯ ಪತ್ರದ ಬಲದ ಮೇಲೆ ಗುಡ್ಡದ ಮೈಯನ್ನೇ ಬಗೆಯಬಹುದು ಎಂದು ತೀರ್ಪು ಕೊಟ್ಟಿತು. ಮೊಮ್ಮಕ್ಕಳ ಹಿತ್ತಿಲು ಅಜ್ಜನ ಹೆಬ್ಬೆಟ್ಟಿಗೆ ಸಿಕ್ಕಿಕೊಂಡಿತು.

1965ರ ನವೆಂಬರಿನಲ್ಲಿ ನಾಟ್ ಕೌಂಟಿಯ ಆಲಿ ಕೂಂಬ್ಸ್ ಎಂಬ 61 ವರ್ಷದ ವಿಧವೆ ತನ್ನ ಮನೆಯ ಮೇಲಿನ ಗುಡ್ಡಕ್ಕೆ ಬಂದ ಬುಲ್ಡೋಜರ್ ಮುಂದೆ ಹೋಗಿ ಕೂತಳು. ಪೊಲೀಸರು ಕೈಕಾಲು ಹಿಡಿದು ಅವಳನ್ನು ಗುಡ್ಡದಿಂದ ಹೊತ್ತು ಇಳಿಸಿದರು. ಆ ಚಿತ್ರ ಲೂಯಿವಿಲ್‌ನ ‘ಕೊರಿಯರ್-ಜರ್ನಲ್’ ಪತ್ರಿಕೆಯಲ್ಲಿ ಅಚ್ಚಾಯಿತು. ದೇಶವೆಲ್ಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟ ಮಾಡುತ್ತಿದ್ದಾಗ ಆಕೆ ಹಿಂಡ್‌ಮನ್ ಜೈಲಿನಲ್ಲಿ ಉಣ್ಣುತ್ತಿದ್ದಳು. ಮರುವರ್ಷವೇ ರಾಜ್ಯ ತೆರೆದ ಗಣಿಗಾರಿಕೆಗೆ ಕಡಿವಾಣ ಹಾಕುವ ಕಾನೂನು ತಂದಿತು. 1967ರಲ್ಲಿ ಆ ಪತ್ರಿಕೆಗೆ ಈ ಹೋರಾಟದ ವರದಿಗಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೂ ಹಳೆಯ ಕ್ರಯಪತ್ರದ ಹಲ್ಲು ಕೀಳಲು 1988ರವರೆಗೆ ಕಾಯಬೇಕಾಯಿತು. ಆ ವರ್ಷ ರಾಜ್ಯ ಸಂವಿಧಾನದ ತಿದ್ದುಪಡಿಗೆ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮತದಾರರು ಹೌದು ಎಂದರು.

ಅಷ್ಟರಲ್ಲಿ ಊರುಗಳ ನಕ್ಷೆ ಗಟ್ಟಿಯಾಗಿಬಿಟ್ಟಿತ್ತು. ಹಾಲರ್‌ಗಳಲ್ಲಿ ಹೆಚ್ಚಿನ ಊರುಗಳನ್ನು ಕಟ್ಟಿದ್ದೇ ಗಣಿ ಕಂಪನಿಗಳು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಎಷ್ಟೋ ಕಡೆ ಕೂಲಿಯೂ ಕಂಪನಿ ಅಂಗಡಿಯಲ್ಲಿ ಮಾತ್ರ ನಡೆಯುವ ಕಂಪನಿ ನಾಣ್ಯದಲ್ಲಿ. ಗಣಿಯ ಬಾಯಿಗೂ ರೈಲಿಗೂ ಹತ್ತಿರವೆಂದು ಮನೆಗಳನ್ನು ಹಳ್ಳದ ಉದ್ದಕ್ಕೆ ಸಾಲಾಗಿ ಎಬ್ಬಿಸಿದರು. ಮೇಲಿನ ಇಳಿಜಾರು ಕಂಪನಿಯದು, ಅಲ್ಲಿ ಯಾರಿಗೂ ಮನೆ ಕಟ್ಟಲು ಜಾಗ ಕೊಡಲಿಲ್ಲ. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಕಂಪನಿಗಳು ಮನೆಗಳನ್ನು ಕಾರ್ಮಿಕರಿಗೆ ಮಾರಿಬಿಟ್ಟವು. ಗುಡ್ಡವನ್ನು ಮಾತ್ರ ಇಟ್ಟುಕೊಂಡವು.

ಎಷ್ಟು ಇಟ್ಟುಕೊಂಡವು ಅನ್ನುವುದನ್ನು ಲೆಕ್ಕ ಹಾಕಿದವರು ಊರಿನ ಜನರೇ. 1970ರ ದಶಕದ ಕೊನೆಯಲ್ಲಿ ಆರು ರಾಜ್ಯಗಳ 80 ಕೌಂಟಿಗಳಲ್ಲಿ ನಾಗರಿಕರು, ಸಂಶೋಧಕರು ಸೇರಿ ಕಚೇರಿಗಳ ಕಡತ ಬಿಚ್ಚಿ ಯಾವ ಜಮೀನು ಯಾರದು ಎಂದು ಬರೆದುಕೊಂಡರು. 1981ರಲ್ಲಿ ವರದಿ ಬಂತು. ಅವರು ಪರಿಶೀಲಿಸಿದ ಜಮೀನಿನಲ್ಲಿ ಸುಮಾರು ಮುಕ್ಕಾಲು ಪಾಲು ನೆಲ, ಐದರಲ್ಲಿ ನಾಲ್ಕು ಪಾಲು ಖನಿಜ ಆ ಊರಿನಲ್ಲಿ ವಾಸವೇ ಇಲ್ಲದ ಒಡೆಯರ ಕೈಯಲ್ಲಿತ್ತು. ಖನಿಜದ ಒಡೆಯರಲ್ಲಿ ಹೆಚ್ಚಿನವರು ಎಕರೆಗೆ 25 ಸೆಂಟಿಗಿಂತ ಕಡಿಮೆ ತೆರಿಗೆ ಕಟ್ಟುತ್ತಿದ್ದರು. ಹಳ್ಳದ ದಂಡೆಯಲ್ಲಿ ಮನೆ ಯಾಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕಾಗಿಲ್ಲ.

ಗಣಿ ಕೆಲಸ ಗುಡ್ಡಕ್ಕೆ ಏನು ಮಾಡುತ್ತದೆ ಅನ್ನುವುದು ಮುಂದಿನ ಸಂಗತಿ. ಸುರಂಗದ ಗಣಿ ಒಳಗಿನಿಂದ ಗುಡ್ಡವನ್ನು ಟೊಳ್ಳು ಮಾಡುತ್ತದೆ; ಕೈಬಿಟ್ಟ ಸುರಂಗದಲ್ಲಿ ನೀರು ತುಂಬಿಕೊಂಡು ಎಲ್ಲೋ ಒಂದು ಕಡೆ ಧರೆಯನ್ನು ಒಡೆದು ಹೊರಬರುತ್ತದೆ. ಮೇಲ್ಮೈ ಗಣಿಯಲ್ಲಿ ಕಲ್ಲಿದ್ದಲಿನ ಪಟ್ಟಿ ಎಲ್ಲಿ ಹೊರಗೆ ಇಣುಕುತ್ತದೋ ಆ ಎತ್ತರದಲ್ಲಿ ಗುಡ್ಡದ ಸುತ್ತ ಕೊರೆದು, ಮೇಲಿನ ಮಣ್ಣು ಕಲ್ಲನ್ನು ಕೆಳಕ್ಕೆ ದೂಡುತ್ತಿದ್ದರು. ಹಾಗೆ ದೂಡಿದ ಸಡಿಲ ಮಣ್ಣು ಇಳಿಜಾರಿನ ಮೇಲೆ ಸುಮ್ಮನೆ ಕೂತಿರುತ್ತದೆ, ಬೇರಿನ ಹಿಡಿತವಿಲ್ಲ. ಒಳಗೆ ನೀರು ಇಳಿದಾಗ ಒಟ್ಟಿಗೆ ಜಾರುತ್ತದೆ. ಹತ್ತು ವರ್ಷದ ನಂತರ ಜಾರಬಹುದು, ಐವತ್ತು ವರ್ಷದ ನಂತರವೂ ಜಾರಬಹುದು.

ಮೂರನೆಯದು ಗುಡ್ಡದ ತಲೆಯನ್ನೇ ಹಾರಿಸುವ ವಿಧಾನ. 1970ರ ದಶಕದಲ್ಲಿ ಶುರುವಾಗಿ 1990ರ ದಶಕದಲ್ಲಿ ಇದು ಜೋರಾಯಿತು. ಕಾಡು ಕಡಿದು, ಸ್ಫೋಟಕ ಇಟ್ಟು, ನೂರಾರು ಅಡಿ ಬಂಡೆಯನ್ನು ಪುಡಿ ಮಾಡಿ, ಕೆಳಗಿನ ಕಲ್ಲಿದ್ದಲು ತೆಗೆದುಕೊಂಡು ಆ ಪುಡಿಯನ್ನು ಪಕ್ಕದ ಕಣಿವೆಗೆ ತುಂಬುತ್ತಾರೆ. ಹೀಗೆ ಹೂತುಹೋದ ಹಳ್ಳಗಳ ಉದ್ದ 2,000 ಮೈಲಿಗೆ ಹತ್ತಿರ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳಿದೆ. ಕೆಲಸ ಮುಗಿದ ಮೇಲೆ ಯಂತ್ರಗಳು ಓಡಾಡಿ ಗಟ್ಟಿಯಾದ ನೆಲದ ಮೇಲೆ ಹುಲ್ಲು ಬಿತ್ತುತ್ತಾರೆ. ದೂರದಿಂದ ಹಸಿರಾಗಿಯೇ ಕಾಣುತ್ತದೆ. ಮಳೆ ಬಂದಾಗ ಕಾಡಿನ ನೆಲ ಕುಡಿಯುತ್ತಿದ್ದಷ್ಟು ನೀರನ್ನು ಈ ನೆಲ ಕುಡಿಯುವುದಿಲ್ಲ.

ಹಾಗಾದರೆ ಎಲ್ಲ ನೆರೆಗೂ ಗಣಿಯೇ ಕಾರಣವೇ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. 2001ರಲ್ಲಿ ವೆಸ್ಟ್ ವರ್ಜೀನಿಯಾದ ದಕ್ಷಿಣ ಭಾಗದಲ್ಲಿ ನೆರೆ ಬಂದ ಮೇಲೆ ಆ ರಾಜ್ಯ ಮಾಡಿಸಿದ ಅಧ್ಯಯನ, ಗಣಿ ಮತ್ತು ಮರ ಕಡಿತದಿಂದ ಕೆಲವು ಹಳ್ಳಗಳಲ್ಲಿ ನೆರೆಯ ಮಟ್ಟ ಏರಿದ್ದನ್ನು ಒಪ್ಪಿಕೊಂಡಿತು. ಎಷ್ಟು ಏರಿತು ಅನ್ನುವುದು ಹಳ್ಳದಿಂದ ಹಳ್ಳಕ್ಕೆ ಬೇರೆಯಾಗಿತ್ತು. ಸಣ್ಣ ಮಳೆಯಲ್ಲಿ ಕಣಿವೆಗೆ ತುಂಬಿದ ಕಲ್ಲುಪುಡಿ ನೀರನ್ನು ಹಿಡಿದಿಟ್ಟುಕೊಳ್ಳುವುದೂ ಉಂಟು. ಜೊತೆಗೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ತೇವ ಹೊರಬಲ್ಲದು. 2022ರಂಥ ಮಳೆಗೆ ಬಿಸಿಯಾದ ಭೂಮಿಯ ಪಾಲೂ ಇದೆ. ಆ ಬಿಸಿಯ ಮೂಲದಲ್ಲಿ ಅದೇ ಕಲ್ಲಿದ್ದಲು ಕೂತಿದೆ ಅನ್ನುವುದು ಬೇರೆ ಮಾತು.

ಆದರೆ ಗಣಿಯ ಪಾತ್ರದ ಬಗ್ಗೆ ಎಳ್ಳಷ್ಟೂ ಅನುಮಾನ ಇಲ್ಲದ ಒಂದು ನೆರೆ ಇದೆ.

ವೆಸ್ಟ್ ವರ್ಜೀನಿಯಾದ ಲೋಗನ್ ಕೌಂಟಿಯಲ್ಲಿ ಬಫಲೊ ಕ್ರೀಕ್ ಎಂಬ ಹಳ್ಳ. ಸುಮಾರು 27 ಕಿಲೋಮೀಟರ್ ಉದ್ದದ ಕಣಿವೆ. ಅದರೊಳಗೆ ಸಾಂಡರ್ಸ್, ಲೊರಾಡೊ, ಲಂಡೇಲ್, ಆಮ್‌ಹರ್ಸ್ಟ್‌ಡೇಲ್ ಮುಂತಾದ 16 ಗಣಿ ಊರುಗಳು, ಸುಮಾರು 5,000 ಜನ. ಕಣಿವೆಯ ತಲೆಯಲ್ಲಿ ಪಿಟ್‌ಸ್ಟನ್ ಎಂಬ ದೊಡ್ಡ ಕಂಪನಿಯ ಅಂಗಸಂಸ್ಥೆಯ ಗಣಿ. ಗಣಿಯಿಂದ ಬಂದ ಕಲ್ಲಿದ್ದಲನ್ನು ಹಾಗೇ ಮಾರುವುದಿಲ್ಲ, ತೊಳೆಯುತ್ತಾರೆ. ತೊಳೆದಾಗ ಎರಡು ಕಸ ಉಳಿಯುತ್ತವೆ: ದಿನಕ್ಕೆ ಸುಮಾರು 1,000 ಟನ್ ಕಲ್ಲುಮಣ್ಣು, ಮತ್ತು ಲಕ್ಷಾಂತರ ಲೀಟರ್ ಕಪ್ಪು ನೀರು. ಎರಡನ್ನೂ ಖರ್ಚಿಲ್ಲದೆ ವಿಲೇವಾರಿ ಮಾಡುವ ದಾರಿ ಕಂಪನಿಗೆ ಹೊಳೆಯಿತು. ಕಲ್ಲುಮಣ್ಣನ್ನು ಹಳ್ಳಕ್ಕೆ ಅಡ್ಡಲಾಗಿ ಸುರಿದು ಒಡ್ಡು ಮಾಡುವುದು, ಕಪ್ಪು ನೀರನ್ನು ಅದರ ಹಿಂದೆ ನಿಲ್ಲಿಸುವುದು. ಒಂದು ತುಂಬಿದಾಗ ಹಿಂದೆ ಇನ್ನೊಂದು, ಅದು ತುಂಬಿದಾಗ 1968ರಿಂದ ಮೂರನೆಯದು.

ಕೆರೆ ಕಟ್ಟುವುದು ಗೊತ್ತಿದ್ದ ನಮ್ಮ ಯಾವ ಊರಿನ ಹಿರಿಯರೂ ಇದನ್ನು ಕೆರೆ ಅನ್ನುತ್ತಿರಲಿಲ್ಲ. ಏರಿಗೆ ಗಟ್ಟಿ ತಳ ಬೇಕು, ಹೆಚ್ಚಾದ ನೀರಿಗೆ ಕೋಡಿ ಬೇಕು. ಇಲ್ಲಿ ಸುಮಾರು 60 ಅಡಿ ಎತ್ತರದ ಮೂರನೇ ಒಡ್ಡು ನಿಂತಿದ್ದು ಎರಡನೇ ಒಡ್ಡಿನ ಹಿಂದೆ ಕೂತ ಹೂಳಿನ ಮೇಲೆ. ಕೋಡಿಯ ಜಾಗದಲ್ಲಿ ಎರಡಡಿ ಅಗಲದ ಒಂದು ಕೊಳವೆ.

1972ರ ಫೆಬ್ರವರಿಯಲ್ಲಿ, ಈ ಒಡ್ಡು ಒಡೆಯುವ ನಾಲ್ಕು ದಿನ ಮೊದಲು ಬಂದಿದ್ದ ಸರ್ಕಾರಿ ತಪಾಸಣಾಧಿಕಾರಿ ಎಲ್ಲ ಸರಿಯಿದೆ ಎಂದು ಬರೆದು ಹೋಗಿದ್ದ. ಆಮೇಲೆ ಮಳೆ ಹಿಡಿಯಿತು. 25ರ ರಾತ್ರಿಯಿಡೀ ಕಂಪನಿಯವರು ಒಡ್ಡಿನ ಹಿಂದೆ ನೀರು ಏರುವುದನ್ನು ಅಳೆಯುತ್ತಿದ್ದರು. ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡಲಿಲ್ಲ. ಅನುಮಾನ ಬಂದ ಕೆಲವರು ತಾವಾಗಿಯೇ ಮನೆ ಬಿಟ್ಟು ಶಾಲೆಯಲ್ಲಿ ಹೋಗಿ ಮಲಗಿದರು, ಅವರು ಬದುಕಿದರು. 26ರ ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಒಡ್ಡು ಕುಸಿಯಿತು. ಸುಮಾರು 50 ಕೋಟಿ ಲೀಟರ್ ಕಪ್ಪು ನೀರು 15–20 ಅಡಿ ಎತ್ತರದ ಗೋಡೆಯಾಗಿ ಕಣಿವೆಗೆ ಇಳಿಯಿತು. ಸಾಂಡರ್ಸ್ ಊರು ಪೂರ್ತಿ ಹೋಯಿತು. ಮೂರು ಗಂಟೆಯಲ್ಲಿ ನೀರು ಕಣಿವೆಯ ಬಾಯಿ ಮುಟ್ಟುವಷ್ಟರಲ್ಲಿ 125 ಜನ ಸತ್ತಿದ್ದರು, ಸಾವಿರಕ್ಕೂ ಹೆಚ್ಚು ಮಂದಿಗೆ ಗಾಯವಾಗಿತ್ತು, 507 ಮನೆ ನಾಶವಾಗಿದ್ದವು. ಐದು ಸಾವಿರ ಜನರಲ್ಲಿ ನಾಲ್ಕು ಸಾವಿರ ಜನಕ್ಕೆ ಅಂದು ರಾತ್ರಿ ತಲೆ ಮೇಲೆ ಸೂರಿರಲಿಲ್ಲ.

ಇದು ದೈವಕೃತ್ಯ ಎಂದಿತು ಕಂಪನಿ. ಒಡ್ಡಿಗೆ ಮಣ್ಣು ಸುರಿದ ಬುಲ್ಡೋಜರ್ ಓಡಿಸಿದ್ದು ದೇವರಲ್ಲವಲ್ಲ ಎಂದು ಕಣಿವೆಯ ಜನ ತಿರುಗಿ ಕೇಳಿದರು. ರಾಜ್ಯ ನೇಮಿಸಿದ ಆಯೋಗವೂ ಇದು ಮನುಷ್ಯ ಮಾಡಿದ ನೆರೆ, ಕಂಪನಿಗೆ ಕೆಳಗಿನವರ ಜೀವದ ಬಗ್ಗೆ ಕಾಳಜಿಯೇ ಇರಲಿಲ್ಲ ಎಂದು ವರದಿ ಬರೆಯಿತು. ಸುಮಾರು 600 ಮಂದಿ ಸಂತ್ರಸ್ತರು 6.4 ಕೋಟಿ ಡಾಲರ್ ಕೇಳಿ ದಾವೆ ಹೂಡಿದರು, 1974ರಲ್ಲಿ 1.35 ಕೋಟಿಗೆ ರಾಜಿಯಾಯಿತು. ರಾಜ್ಯ ಸರ್ಕಾರ ತನ್ನ ಪಾಲಿಗೆ 10 ಕೋಟಿ ಡಾಲರ್ ಕೇಳಿತ್ತು. ಗವರ್ನರ್ ಆರ್ಚ್ ಮೂರ್ ಅಧಿಕಾರ ಬಿಡಲು ಮೂರು ದಿನವಿದ್ದಾಗ, 1977ರ ಜನವರಿಯಲ್ಲಿ, ಅದನ್ನು 10 ಲಕ್ಷಕ್ಕೆ ಮುಗಿಸಿದರು. ಕಣಿವೆಯನ್ನು ಶುಚಿ ಮಾಡಿದ ಸೇನೆಯ ಇಂಜಿನಿಯರುಗಳ ಬಿಲ್ಲೇ ಅದಕ್ಕಿಂತ ದೊಡ್ಡದಿತ್ತು, ಅದನ್ನು ರಾಜ್ಯದ ಜನರೇ ಕಟ್ಟಿದರು.

ದುಡ್ಡಿನ ಲೆಕ್ಕಕ್ಕೆ ಬಾರದ ನಷ್ಟವನ್ನು ಬರೆದಿಟ್ಟವರು ಯೇಲ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್. ಬದುಕಿದವರಿಗೆ ಸರ್ಕಾರ ತಗಡಿನ ಮನೆಗಳ 13 ಶಿಬಿರ ಹಾಕಿತು. ಯಾರ ಪಕ್ಕದಲ್ಲಿ ಯಾರಿದ್ದರು ಎಂದು ನೋಡದೆ, ಬಂದವರಿಗೆ ಬಂದ ಮನೆ ಕೊಟ್ಟರು. ಮೂವತ್ತು ವರ್ಷ ಬೇಲಿಯಾಚೆಯಿಂದ ಮಾತಾಡಿದ ನೆರೆಯವರು ಬೇರೆ ಬೇರೆ ಶಿಬಿರಕ್ಕೆ ಚದುರಿದರು. ಜನ ಸತ್ತಿದ್ದು ಒಂದು ಆಘಾತ, ಊರು ಎಂಬ ನಂಟು ಹರಿದದ್ದು ಇನ್ನೊಂದು ಆಘಾತ ಎಂದು ಎರಿಕ್ಸನ್ 1976ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ನಮ್ಮಲ್ಲಿ ನೆರೆ ಸಂತ್ರಸ್ತರ ಬಡಾವಣೆ ಕಟ್ಟುವ ಅಧಿಕಾರಿಗಳು ಓದಬೇಕಾದ ಪುಸ್ತಕ ಅದು.

ಗಣಿ ತ್ಯಾಜ್ಯದ ರಾಶಿಗಳ ಅಪಾಯ ಯಾರಿಗೂ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 1966ರ ಅಕ್ಟೋಬರ್ 21ರ ಬೆಳಿಗ್ಗೆ, ವೇಲ್ಸ್‌ನ ಅಬರ್‌ವಾನ್ ಊರಿನ ಮೇಲೆ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡೆ ಜಾರಿ ಬಂದು ಶಾಲೆಯನ್ನು ಮುಚ್ಚಿತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಆ ಗುಡ್ಡೆಯನ್ನು ನೀರಿನ ಒರತೆಯ ಮೇಲೆ ಸುರಿದಿದ್ದರು. ಹೊಣೆ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದೇ ಎಂದು ವಿಚಾರಣೆ ಹೇಳಿತು, ಆದರೆ ಒಬ್ಬರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಉಳಿದ ಗುಡ್ಡೆಗಳನ್ನು ತೆಗೆಯಲು ಸತ್ತ ಮಕ್ಕಳ ಹೆಸರಿನಲ್ಲಿ ಜನ ಕೊಟ್ಟ ನಿಧಿಯಿಂದಲೇ 1.5 ಲಕ್ಷ ಪೌಂಡ್ ಕಿತ್ತುಕೊಂಡರು. ಅದನ್ನು ಹಿಂದಿರುಗಿಸಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಅಬರ್‌ವಾನ್ ಸುದ್ದಿ ಕೇಳಿದ ಅಮೆರಿಕ ಸರ್ಕಾರ ತನ್ನ ಭೂಗರ್ಭ ತಜ್ಞರನ್ನು ಅಪಲಾಚಿಯನ್ ಗಣಿ ಗುಡ್ಡೆಗಳ ಪರೀಕ್ಷೆಗೆ ಕಳಿಸಿತ್ತು. ಬಫಲೊ ಕ್ರೀಕ್‌ನ ತ್ಯಾಜ್ಯದ ಒಡ್ಡೂ ಅವರ ಪಟ್ಟಿಯಲ್ಲಿತ್ತು.

1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ತೆರೆದ ಗಣಿಗಳ ನಿಯಂತ್ರಣದ ರಾಷ್ಟ್ರೀಯ ಕಾನೂನಿಗೆ ಸಹಿ ಹಾಕಿದರು. ಅಗೆದ ಗುಡ್ಡವನ್ನು ಮೊದಲಿನ ಆಕಾರಕ್ಕೆ ತರಬೇಕು, ಮೊದಲೇ ಠೇವಣಿ ಇಡಬೇಕು, ಟನ್ನಿಗೆ ಇಷ್ಟು ಸೆಂಟಿನಂತೆ ಶುಲ್ಕ ಕಟ್ಟಬೇಕು, ಆ ಹಣದಿಂದ ಹಳೆಯ ಕೈಬಿಟ್ಟ ಗಣಿಗಳನ್ನು ಸರಿಪಡಿಸಬೇಕು. ಒಳ್ಳೆಯ ಕಾನೂನೇ. ಆದರೆ ಗುಡ್ಡದ ತಲೆ ತೆಗೆದು ಆ ಬಯಲಿನಲ್ಲಿ ಊರೋ ಕಾರ್ಖಾನೆಯೋ ಕಟ್ಟುವುದಾದರೆ ಮೊದಲಿನ ಆಕಾರಕ್ಕೆ ತರಬೇಕಾಗಿಲ್ಲ ಎಂದು ಅದರಲ್ಲೇ ಒಂದು ಕಿಂಡಿ ಇಟ್ಟರು. ಮುಂದಿನ ಮೂವತ್ತು ವರ್ಷ ನೂರಾರು ಗುಡ್ಡಗಳು ಆ ಕಿಂಡಿಯಲ್ಲಿ ತೂರಿಹೋದವು.

ಕಪ್ಪು ನೀರಿನ ಕೆರೆಗಳೂ ನಿಲ್ಲಲಿಲ್ಲ, ಇನ್ನೂ ದೊಡ್ಡವಾದವು. 2000ದ ಅಕ್ಟೋಬರ್ 11ರಂದು ಕೆಂಟಕಿಯ ಮಾರ್ಟಿನ್ ಕೌಂಟಿಯಲ್ಲಿ ಅಂಥ ಒಂದು ಕೆರೆಯ ತಳ ಕೆಳಗಿದ್ದ ಹಳೆಯ ಸುರಂಗಕ್ಕೆ ಕುಸಿಯಿತು. 30 ಕೋಟಿ ಗ್ಯಾಲನ್‌ಗೂ ಹೆಚ್ಚು ಕಪ್ಪು ಕೆಸರು ಸುರಂಗದ ಬಾಯಿಗಳಿಂದ ಹೊರಬಂದು ಎರಡು ಹಳ್ಳಗಳನ್ನು ಹೂತಿತು. ಅಲಾಸ್ಕದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಚೆಲ್ಲಿದ ತೈಲದ ಹತ್ತಿರ ಹತ್ತಿರ ಮೂವತ್ತು ಪಟ್ಟು. ಯಾರೂ ಸಾಯಲಿಲ್ಲ ಅನ್ನುವ ಕಾರಣಕ್ಕೋ ಏನೋ, ಹೊರಜಗತ್ತಿಗೆ ಇದು ಹೆಚ್ಚಾಗಿ ತಿಳಿಯಲೇ ಇಲ್ಲ.

ಕರ್ನಾಟಕದವರಿಗೆ ಇಂಥ ಕೆರೆ ಪರಕೀಯವಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ಬೇರ್ಪಡಿಸಿ ಉಳಿದ ಹೂಳನ್ನು ನಿಲ್ಲಿಸಲು ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದ್ದಾರೆ. ಬಫಲೊ ಕ್ರೀಕ್‌ನ ಒಡ್ಡಿನಂತಲ್ಲ, ಇದು ಇಂಜಿನಿಯರುಗಳು ವಿನ್ಯಾಸ ಮಾಡಿ ಕಟ್ಟಿದ್ದು. ಸುಪ್ರೀಂ ಕೋರ್ಟ್ ತೀರ್ಪಿನಂತೆ ಗಣಿ 2005ರ ಕೊನೆಗೆ ನಿಂತಿತು. ಗಣಿ ನಿಂತರೂ ಹೂಳು ಅಲ್ಲೇ ಇದೆ. ಪ್ರತಿ ಮಳೆಗಾಲವೂ ಅದರ ಮೇಲೆ ಒಬ್ಬರ ಕಣ್ಣು ಇರಲೇಬೇಕು.

ಕೆಂಟಕಿಯ ಈಗಿನ ಸುದ್ದಿಗೆ ಬರೋಣ. 2022ರ ನೆರೆಯ ನಂತರ ರಾಜ್ಯ ಸರ್ಕಾರ ಎತ್ತರದ ನೆಲದಲ್ಲಿ ಹೊಸ ಬಡಾವಣೆಗಳನ್ನು ಕಟ್ಟಲು ಹೊರಟಿತು. ಎತ್ತರದಲ್ಲಿ ಸಮತಟ್ಟಾದ ನೆಲ ಎಲ್ಲಿದೆ? ಗಣಿಗಾರರು ತಲೆ ಹಾರಿಸಿದ ಗುಡ್ಡಗಳಲ್ಲಿ. ನಾಟ್ ಕೌಂಟಿಯ ಚೆಸ್ಟ್‌ನಟ್ ರಿಡ್ಜ್, ಪೆರಿ ಕೌಂಟಿಯ ಸ್ಕೈವ್ಯೂ ಬಡಾವಣೆಗಳು ಹೀಗೆ ಹಳೆಯ ಗಣಿ ನೆಲದ ಮೇಲೆ ಎದ್ದಿವೆ. ಕೆಳಗಿನವರಿಗೆ ನೀರು ಕಳಿಸುತ್ತಿದ್ದ ಬಯಲೇ ಕೆಳಗಿನವರಿಗೆ ಆಸರೆಯಾಗಬೇಕಾಗಿ ಬಂದಿದೆ. ತುಂಬಿದ ಮಣ್ಣು ಕೂರುವುದಿಲ್ಲವೇ ಎಂದು ಪರೀಕ್ಷಿಸಬೇಕು, ರಸ್ತೆ, ನೀರು, ಚರಂಡಿ ಎಲ್ಲವನ್ನೂ ಶೂನ್ಯದಿಂದ ಎಳೆಯಬೇಕು. ಖರ್ಚು ಹೆಚ್ಚು, ಕೆಲಸ ನಿಧಾನ. ಹಾಲರ್ ಬಿಡಲು ಮನಸ್ಸಿಲ್ಲದವರೂ ಬಹಳ. ಅಜ್ಜಿಯ ಗೋರಿ ಅಲ್ಲಿದೆ, ಅಣ್ಣನ ಮನೆ ಪಕ್ಕದಲ್ಲಿದೆ. ಎರಿಕ್ಸನ್ ಐವತ್ತು ವರ್ಷದ ಹಿಂದೆ ಬರೆದದ್ದು ಇದನ್ನೇ.

ಹಳೆಯ ಗಣಿಗಳ ದುರಸ್ತಿಗೆ ಅಮೆರಿಕ ಸಂಸತ್ತು 2021ರಲ್ಲಿ 1,130 ಕೋಟಿ ಡಾಲರ್ ಮಂಜೂರು ಮಾಡಿತು, 15 ವರ್ಷಗಳಲ್ಲಿ ಹಂಚಲು. ಇದು ದೊಡ್ಡ ಮೊತ್ತವೇ. ಆದರೆ ಅದು ಹೋಗುವುದು ಮುಖ್ಯವಾಗಿ 1977ರ ಕಾನೂನಿಗಿಂತ ಮೊದಲು ಕೈಬಿಟ್ಟ ಗಣಿಗಳಿಗೆ. ಆಮೇಲಿನ ಗುಡ್ಡಗಳನ್ನು ಸರಿಪಡಿಸಬೇಕಾದ್ದು ಕಂಪನಿಗಳು ಇಟ್ಟ ಠೇವಣಿ. ಕಲ್ಲಿದ್ದಲಿನ ಬೆಲೆ ಬಿದ್ದು ಒಂದರ ಮೇಲೊಂದು ಕಂಪನಿ ದಿವಾಳಿ ಎದ್ದಿವೆ, ಆ ಠೇವಣಿ ಕೆಲಸಕ್ಕೆ ಸಾಲುವುದಿಲ್ಲ ಎಂದು ಅಲ್ಲಿನ ಹೋರಾಟಗಾರರು ವರ್ಷಗಳಿಂದ ಹೇಳುತ್ತಿದ್ದಾರೆ. ಲಾಭ ಊರು ಬಿಟ್ಟು ಹೋಗಿ ಬಹಳ ದಿನವಾಯಿತು. ಉಳಿದ ಖರ್ಚು ಯಾರದು ಎಂದು ಇನ್ನೂ ತೀರ್ಮಾನವಾಗಿಲ್ಲ. ಈ ನಡುವೆ 2025ರ ಫೆಬ್ರವರಿ ಮಧ್ಯದಲ್ಲಿ ಪೂರ್ವ ಕೆಂಟಕಿಗೆ ಮತ್ತೆ ನೆರೆ ಬಂತು. 2022ರ ನಂತರ ಸಾಲ ಸೋಲ ಮಾಡಿ ಅದೇ ದಂಡೆಯಲ್ಲಿ ಮನೆ ಎಬ್ಬಿಸಿಕೊಂಡಿದ್ದ ಎಷ್ಟೋ ಕುಟುಂಬಗಳ ಮನೆಗೆ ಎರಡನೇ ಸಲ ನೀರು ನುಗ್ಗಿತು.